ಬಿಸಿಲು ಕಾಣದ ಮಣ್ಣು

ಹೂದಾನಿ ಮಾಡಿಸಲು ಔರಾದದಿಂದ ಬಂದಿದ್ದ ಸಾಲಿ ಮಾಸ್ತರ ನತಾನಿಯೇಲ, ಬಿದರಿ ಕೆಲಸದ ಬಸವಣ್ಣೆಪ್ಪನ ಮುಂದೆ ಕೂತು ಹೇಳಿದ: "ಸೂರ್ಯನೂ ಒಂದು ಚುಕ್ಕೀನರಿ. ನಮಗ ಹತ್ರ ಅದ, ಅದಕ್ಕ ದೊಡ್ಡದು ಕಾಣ್ತದ. ಅದು ಆರಿದ್ರ ಭೂಮಿ ಮ್ಯಾಲ ಒಂದು ಹುಲ್ಲುಕಡ್ಡೀನೂ ಉಳ್ಯಾಂಗಿಲ್ಲ."

ಬಸವಣ್ಣೆಪ್ಪ ನಕ್ಕ. "ನನ್ನ ಮಣ್ಣು ಅದರ ಮಾರೀನೇ ನೋಡಿಲ್ಲರಿ ಮಾಸ್ತರ. ಆದ್ರೂ ನನ್ನ ಮನಿ ನಡಸ್ತದ."

ಸುಳ್ಳಲ್ಲ. ಬಿದರಿ ಪಾತ್ರೆಗೆ ಕಪ್ಪು ಬರುವುದು ಬೀದರ ಕಿಲ್ಲೆಯ ನೆಲಮಾಳಿಗೆಯ ಮಣ್ಣಿನಿಂದ. ನಿಜಾಮರ ಕಾಲಕ್ಕಿಂತ ಹಿಂದಿನಿಂದಲೂ ಬಿಸಿಲು, ಮಳೆ ಸೋಕದ ಮಣ್ಣು ಅದು.

ಮರುದಿನ ಬೆಳಿಗ್ಗೆ ಬಸವಣ್ಣೆಪ್ಪ ಕಂದೀಲು, ಚೀಲ ಹಿಡಿದು ಆ ನೆಲಮಾಳಿಗೆಗೆ ಇಳಿದ. ಎರಡು ಬೊಗಸೆ ತೋಡಿದ್ದನೋ ಇಲ್ಲವೋ, ಬೆನ್ನ ಹಿಂದೆ ಛಾವಣಿ ಧೊಪ್ಪನೆ ಕುಸಿಯಿತು. ದೂಳೆದ್ದು ಕಂದೀಲು ಆರಿತು. ಬಂದ ದಾರಿ ಮುಚ್ಚಿಹೋಗಿತ್ತು. ಕೂಗಿದ, ಕೂಗು ಬಾಯಿಂದ ಹೊರಬೀಳುವ ಮೊದಲೇ ಮಣ್ಣು ಅದನ್ನು ನುಂಗಿತು.

ಎಷ್ಟು ಹೊತ್ತು ತಡವರಿಸಿದನೋ. ಕೈಗೆ ಏನೋ ತಣ್ಣಗೆ, ತೆಳ್ಳಗೆ ತಾಗಿತು. ಒಂದಲ್ಲ, ನೂರಾರು. ಎಳೆಗೂಸಿನ ಬೆರಳುಗಳಂತೆ.

"ಯಾರದು?" ಎಂದ.

ಜೀವ ಗಟ್ಟಿಮಾಡಿ ಒಂದನ್ನು ಕಿತ್ತು ಮೂಸಿದ. ಜೋಳದ ಮೊಳಕೆ! ಇಲಿಗಳು ಕೂಡಿಟ್ಟ ಕಾಳು ಆ ಕತ್ತಲಲ್ಲಿ ಮೊಳೆತಿತ್ತು. ಮೆಲ್ಲಗೆ ಅವುಗಳ ಮೇಲೆ ಕೈಯಾಡಿಸಿದ. ಅಷ್ಟೂ ಮೊಳಕೆಗಳು, ಯಾರೋ ಕರೆದಂತೆ, ಒಂದೇ ಕಡೆಗೆ ಬಾಗಿದ್ದವು. ಆ ಕಡೆ ಎಷ್ಟು ಕಣ್ಣರಳಿಸಿದರೂ ಕತ್ತಲೇ. ಆದರೆ ಅವನ ಕಣ್ಣಿಗೆ ಕಾಣದ ಬೆಳಕು ಅವಕ್ಕೆ ಕಂಡಿತ್ತು. ಮಾಸ್ತರನ ಮಾತು ನೆನಪಾಗಿ, ಅವು ಬಾಗಿದ ದಿಕ್ಕಿಗೇ ತೆವಳಿದ.

ಇಪ್ಪತ್ತು ಮೊಳ ಹೋದಮೇಲೆ ಕೂದಲೆಳೆಯಷ್ಟು ಬೂದು ಗೆರೆ ಕಂಡಿತು. ಉಗುರು ಕಿತ್ತುಬರುವಂತೆ ಕೆದರಿ, ಕಂದಕದ ಪಕ್ಕದಲ್ಲಿ ಹೊರಬಿದ್ದ. ಸೂರ್ಯ ಮುಳುಗಲು ಒಂದು ಮಾರು ಹೊತ್ತು ಉಳಿದಿತ್ತು. ಎಡಮುಷ್ಟಿ ಬಿಚ್ಚಿ ನೋಡಿದರೆ, ಕಿತ್ತಿದ್ದ ಆ ಮೊಳಕೆಯಲ್ಲಿ ಹಸಿರಿನ ಸುಳಿವಿಲ್ಲ. ಹೆಣದ ಉಗುರಿನ ಬಿಳುಪು.

ಎಂಟು ದಿನ ಅವನು ಅಂಗಳದ ಬಿಸಿಲು ಬಿಟ್ಟು ಏಳಲಿಲ್ಲ. ಒಂಬತ್ತನೆಯ ದಿನ ಕಿಲ್ಲೆಗೆ ಹೋದರೂ, ಇನ್ನೊಂದು ನೆಲಮಾಳಿಗೆಯ ಬಾಗಿಲ ಬೆಳಕು ಬೀಳುವಲ್ಲಿಂದಲೇ ಮಣ್ಣು ಬಳಿದು ತಂದ. ಅದರಲ್ಲಿ ಕುದಿಸಿದ ಹೂದಾನಿಗೆ ಕಪ್ಪು ಏರಲಿಲ್ಲ, ಬೂದಿಬಣ್ಣ ಬಂತು.

ಹೆಂಡತಿ ಗುರಮ್ಮ ಅದನ್ನು ತಿರುಗಿಸಿ ನೋಡಿದಳು. ಅವನ ಮುಖವನ್ನೂ ನೋಡಿದಳು.

"ಒಳಗ ಹೋಗಾಕ ಅಂಜಿಕಿ ಆಗ್ಯದೇನ್ರಿ?"

ಅವನು ಹೌದೆಂದು ತಲೆಯಾಡಿಸಿದ.

ಅವಳು ಸೆರಗು ಸಿಕ್ಕಿಸಿಕೊಂಡು ಚೀಲ ಎತ್ತಿಕೊಂಡಳು. "ನಡೀರಿ, ನಾನೂ ಬರ್ತೇನಿ."