ಹಲಸಿನ ಕಟ್ಟಿಗೆಯ ಒಲೆ

ಹತ್ತಿಕೊಂಡಿತು, ಮೊದಲು ತೊಗಟೆಯ ವಾಸನೆ, ಮಳೆಗೆ ನೆನೆದ ಗೋಣಿಚೀಲದಂಥದ್ದು, ಅದು ಕಳೆಯುವವರೆಗೆ ತಡೆದುಕೊಳ್ಳಬೇಕು, ಆಮೇಲೆ ಒಳಗಿನ ಹಳದಿ ತಿರುಳಿಗೆ ಬೆಂಕಿ ಮುಟ್ಟುತ್ತದೆ, ಆಗ ಬರುತ್ತದೆ — ಬೆಲ್ಲದ ಪಾಕ ತಳ ಹಿಡಿಯುವುದಕ್ಕೆ ಸ್ವಲ್ಪ ಮುಂಚಿನ ಕಂಪು, ಇದೇ, ಇದಕ್ಕೇ ಮಗ ಸುಯೋಗನನ್ನು ಖಾನಾಪುರಕ್ಕೆ ಅಟ್ಟಿದ್ದು, ಗೊಣಗುತ್ತಲೇ ಕಾರಿನ ಡಿಕ್ಕಿಯಲ್ಲಿ ಹೇರಿಕೊಂಡು ಬಂದ, ಗ್ಯಾಸ್ ಐತಿ, ಎಲ್ಲಾ ಐತಿ, ಮಹಾಂತೇಶ ನಗರದಾಗ ಒಲಿ ಹೂಡತೀನಿ ಅಂತೀಯಲ್ಲವ್ವಾ, ಬಾಜೂ ಮನಿಯವರು ಏನಂದಾರು, ಅನ್ನಲಿ, ಅವರ ಮೂಗಿಗೂ ಒಂದು ದಿನ ಹಬ್ಬವಾಗಲಿ. ಸೊಸೆ ಬ್ರಾಹ್ಮಿ ಉಳಿದ ತುಂಡುಗಳನ್ನು ನೆಲಕ್ಕೆ ಕುಟ್ಟಿ, ಬಿರುಕುಗಳಲ್ಲಿ ಇಣುಕಿ ನೋಡುತ್ತಿದ್ದಾಳೆ, ಇರುವಿ ಇಲ್ರಿ ಅತ್ತ್ಯಾರ, ಗೆದ್ದಲ ಇಲ್ರಿ, ಮುನಿಗಳಿಗೆ ಮಾಡುವ ಅಡಿಗೆ, ಒಂದು ಜೀವ ಬೆಂಕಿಗೆ ಬಿದ್ದರೂ ಕೆಟ್ಟಿತು, ನಾನು ಮಾತ್ರ ಕಟ್ಟಿಗೆ ಮೂಸುತ್ತ ಕುಳಿತಿದ್ದೇನೆ, ಮೊಮ್ಮಕ್ಕಳ ಅಜ್ಜಿ, ನಾಚಿಕೆಯೇ ಇಲ್ಲ — ಚಿಕ್ಕಂದಿನಲ್ಲೂ ಹೀಗೇ, ಖಾನಾಪುರದ ಸ್ಟೇಷನ್ ಹಿಂದೆ ಅಪ್ಪನ ಕಟ್ಟಿಗೆ ಅಡ್ಡೆ, ತಮ್ಮ ಜಿನಪಾಲನ ಕಣ್ಣಿಗೆ ಬಟ್ಟೆ ಕಟ್ಟಿ ಮೂಗಿಗೆ ಒಂದೊಂದೇ ತುಂಡು ಹಿಡಿಯುತ್ತೇನೆ, ಇದ್ಯಾವ್ದು ಹೇಳು, ಜಾಲಿ ಅಕ್ಕಾ, ಇದು, ಮತ್ತಿ, ಇದು, ಥೂ, ನೀಲಗಿರಿ, ನೆಗಡಿ ಔಷಧ, ಬೇವು ಉರಿಸಿದ ದಿನ ರೊಟ್ಟಿಯೂ ಕಹಿ ಅಂತ ಅವನ ತಕರಾರು, ಗೇರಿನ ಹೊಗೆಗೆ ಗಂಟಲು ತುರಿಸುತ್ತಿತ್ತು, ಹಸಿ ಅಕೇಶಿಯಾ ಹಚ್ಚಿದರೆ ಓಣಿಗೆ ಓಣಿಯೇ ರಬ್ಬರು ಸುಟ್ಟಂತೆ ನಾರುತ್ತಿತ್ತು, ಹಲಸು ಹಿಡಿದರೆ ಮಾತ್ರ ಹೆಸರು ಹೇಳುತ್ತಿರಲಿಲ್ಲ, ಸೋತಿ ನೋಡು ಅಂದರೆ, ಗೊತ್ತೈತಿ, ಹೇಳಿದ್ರ ನೀ ಮೂಗಿನ ಮುಂದಿಂದ ತಗದಬಿಡ್ತಿ.

ಆ ಜಿನಪಾಲ ಈಗ ದಿಗಂಬರ ಮುನಿ, ಹೆಸರೂ ಬೇರೆ, ದೀಕ್ಷೆಯ ದಿನ ಎದುರಿಗೆ ಬಗ್ಗಿ ನಮೋಸ್ತು ಅಂದವಳು ಆಮೇಲೆ ತಮ್ಮಾ ಎಂದು ಕರೆದಿಲ್ಲ, ಅವರೂ ಅಕ್ಕಾ ಅಂದಿಲ್ಲ, ಅನ್ನುವ ಹಾಗೂ ಇಲ್ಲ, ಎಲ್ಲಿಯೋ ನಡೆಯುತ್ತಿರುತ್ತಾರೆ ಎಂದು ಕೇಳುತ್ತಿದ್ದೆ, ಈಗ ಹಿಂಡಲಗಾದಿಂದ ನಡೆದು ನಮ್ಮ ಬಸದಿಗೆ ಬಂದಿದ್ದಾರೆ, ನಿನ್ನೆ ಉಪವಾಸ, ಇವತ್ತು ಯಾರ ಬಾಗಿಲಲ್ಲಿ ನಿಲ್ಲುತ್ತಾರೋ, ನಿಂತರೆ ನನ್ನ ಕೈಯಿಂದ ಅವರ ಬೊಗಸೆಗೆ ನಾಲ್ಕು ತುತ್ತು, ಅಷ್ಟೇ ಆಸೆ — ಸುಳ್ಳು, ಅಷ್ಟೇ ಅಲ್ಲ, ಈ ಕಂಪು ಅವರಿಗೆ ಗುರುತು ಸಿಗಲಿ ಎಂಬ ಆಸೆ. ಬಸದಿಯ ಬಾಳೇಶ ಬೆಳಿಗ್ಗೆಯೇ ಬಂದು ಎಚ್ಚರಿಸಿದ್ದಾನೆ, ಅಳಬ್ಯಾಡ್ರಿ ಸುಂದರಾಬಾಯಾರ, ನಿಮ್ದಿರ್ಲಿ ಅವರದಿರ್ಲಿ, ದುಃಖದ ಕಣ್ಣೀರು ಬಿತ್ತಂದ್ರ ಅಂತರಾಯ ಆಕ್ಕೈತಿ, ಬೊಗಸಿ ಬಿಚ್ಚಿ ಹೋಗಿಬಿಡ್ತಾರ, ನಾಳೆತನಕಾ ನೀರೂ ಇಲ್ಲ, ಒಲಿ ಹೊಗಿಗೆ ಬಂದ ಕಣ್ಣೀರಿಗೆ ದೋಷ ಇಲ್ಲ ಬಿಡ್ರಿ. ಅಳುವುದಿಲ್ಲಪ್ಪಾ, ಕೆನ್ನೆಯ ಒಳಗನ್ನು ಹಲ್ಲಿನಿಂದ ಕಚ್ಚಿ ಹಿಡಿಯುತ್ತೇನೆ, ಹೊಗೆಯೂ ಏಳದ ಹಾಗೆ ಎಲ್ಲ ಒಣಗಿದ ತುಂಡುಗಳನ್ನೇ ಒಟ್ಟಿದ್ದೇನೆ, ಬಂದರು, ಓಣಿಯ ತುದಿಯಲ್ಲಿ ನವಿಲುಗರಿಯ ಕಟ್ಟು, ಮುನಿಗಳ ಪಿಂಛಿ, ನಮೋಸ್ತು ಮಹಾರಾಜರೇ, ನಮೋಸ್ತು, ನಿಲ್ಲಿರಿ, ನಿಲ್ಲಿರಿ, ಮುಂದಿನ ಮನೆಯವರೂ ಕೂಗುತ್ತಿದ್ದಾರೆ — ನಿಂತರು, ನಮ್ಮ ಬಾಗಿಲಲ್ಲೇ ನಿಂತರು, ಎಷ್ಟು ಬಡವಾಗಿದ್ದಾರೆ, ಪಕ್ಕೆಲುಬುಗಳು ಕಾಣುತ್ತಿವೆ, ಕಾಲು ತೊಳೆಯುವಾಗ ಹಿಮ್ಮಡಿಯ ಬಿರುಕು ಕೈಗೆ ತಾಕಿತು.

ಈಗ ನಿಂತಿದ್ದಾರೆ, ಮೌನ, ಎರಡು ಕೈ ಸೇರಿದ ಬೊಗಸೆ, ಸುಯೋಗ ನೀರು ಹಾಕಿದ, ನಾನು ಅನ್ನ, ಒಂದು ತುತ್ತು, ಇನ್ನೊಂದು, ಉಣ್ಣುತ್ತಿದ್ದಾರೆ, ನನ್ನ ಕೈಯಿಂದ ಉಣ್ಣುತ್ತಿದ್ದಾರೆ, ಕಣ್ಣು ಒಣಗಿಯೇ ಇದೆ, ಗೆದ್ದೆ, ಬ್ರಾಹ್ಮಿ ಒಲೆಯಲ್ಲಿ ಕಟ್ಟಿಗೆ ಮುಂದೆ ಸರಿಸಿದಳು, ತಿರುಳು ಚಟ್ ಎಂದಿತು, ಕಂಪು ಕೋಣೆಯೊಳಗೆ ತುಂಬಿಕೊಂಡಿತು, ಅವರು ಅಗಿಯುವುದನ್ನು ನಿಲ್ಲಿಸಿದರು, ಕಣ್ಣು ಮುಚ್ಚಿತು, ಉಸಿರು ಮೆಲ್ಲಗೆ ಒಳಗೆ ಹೋಯಿತು, ಹೊರಗೆ ಬರಲೇ ಇಲ್ಲ, ಮುಚ್ಚಿದ ರೆಪ್ಪೆಯ ಕೆಳಗಿಂದ ಒಂದು ಗೆರೆ ನೀರು, ನನ್ನದಲ್ಲ, ಅವರದು. ಹೊಗಿ, ಹೊಗಿ ತುಂಬೇತಿ, ಕಿಡಕಿ ತಗೀರಿ, ಬಾಳೇಶನ ಅವಸರ, ಹೊಗಿ ಕಣ್ಣೀರಿಗೆ ದೋಷ ಇಲ್ರಿ ಮಹಾರಾಜ್ರ, ಸುಯೋಗ ಕಿಟಕಿ ತೆಗೆಯುತ್ತಾನೆ, ಹೌದ್ರಿ, ಹೊಗೀನ ಐತಿ, ಹಸಿ ಇತ್ರಿ ಕಟ್ಟಿಗಿ, ಇದು ನನ್ನ ದನಿಯೇ, ಒಲೆ ತಿಳಿಯಾಗಿ ಉರಿಯುತ್ತಿದೆ, ಎಳೆಯಷ್ಟೂ ಹೊಗೆ ಇಲ್ಲ, ಆದರೂ ಇರಲಿ, ಎಲ್ಲರೂ ನಂಬಲು ತಯಾರಿದ್ದೇವೆ, ನಿನ್ನೆಯಿಂದ ಹಸಿದಿದ್ದೀ, ಒಂದು ಸಲ ತಲೆಯಾಡಿಸು ತಮ್ಮಾ, ಹೊಗೆ ಅಂತ ಒಪ್ಪಿಕೋ, ಕಣ್ಣು ತೆರೆದರು, ಒಲೆಯನ್ನು ನೋಡಿದರು, ನನ್ನನ್ನು ನೋಡಿದರು, ಬೊಗಸೆ ಬಿಚ್ಚಿತು, ಮೊದಲು ಕಿರುಬೆರಳುಗಳು ದೂರವಾದವು, ಅನ್ನ ಕೆಳಗೆ ಬಿತ್ತು, ಬಾಳೇಶ ಇನ್ನೂ ಹೊಗಿ ಹೊಗಿ ಎನ್ನುತ್ತಿದ್ದಾನೆ, ಕಿರುಬೆರಳುಗಳು ದೂರವಾದವು, ಅನ್ನ ಕೆಳಗೆ ಬಿತ್ತು, ಬೊಗಸೆ ಬಿಚ್ಚಿತು, ಬೊಗಸೆ ಬಿಚ್ಚಿ —