ಮೊದಲು ಮನೆ ನೋಡಿ

ನಲವತ್ತೈದು ದಾಟಿದ ಗಂಡಸಿಗೆ ಹೊಸ ಹುರುಪು ಬಂದರೆ ಹೆಂಡತಿ ಹುಷಾರಾಗಿರಬೇಕು ಎಂದು ಲಾಂಡ್ರಿಯಲ್ಲಿ ನನ್ನ ಜೊತೆಯವರು ನಗಾಡುತ್ತಿದ್ದರು. ಅವರ ತಲೆಯಲ್ಲಿ ಓಡುತ್ತಿದ್ದುದು ಬೇರೆ. ನಮ್ಮ ಯಜಮಾನರಿಗೆ ಹಿಡಿದದ್ದು ಹೆಣ್ಣಿನ ಹುಚ್ಚಲ್ಲ, ಕಾಣೆಯಾದವರನ್ನು ಹುಡುಕುವ ಹುಚ್ಚು. ಹೆಣ್ಣಿನ ಹುಚ್ಚಾಗಿದ್ದರೆ ಜಗಳವಾಡಿಯಾದರೂ ಬಿಡಿಸುತ್ತಿದ್ದೆ. ಇಡೀ ಊರು ಹೊಗಳುವ ಹುಚ್ಚನ್ನು ಬಿಡಿಸುವುದು ಹೇಗೆ?

ಇವರು ಬಸ್ ಡಿಪೋದ ಸ್ಟೋರ್‌ಕೀಪರ್. ಜಾಲರಿ ಕಿಟಕಿಯ ಹಿಂದೆ ಕೂತು ನಟ್ಟು, ಬೋಲ್ಟು, ಬೇರಿಂಗು ಎಣಿಸಿ ಕೊಡುವ ಕೆಲಸ. ನನ್ನದು ಆಸ್ಪತ್ರೆಯ ಲಾಂಡ್ರಿಯಲ್ಲಿ ಪಾಳಿ. ಹೊದಿಕೆ, ಕಂಬಳಿ ಮಡಿಸಿ ಮಡಿಸಿ ಕನಸಿನಲ್ಲೂ ಅಂಚಿಗೆ ಅಂಚು ಕೂಡಿಸುತ್ತೇನೆ. ದೊಡ್ಡವನಿಗೆ ಟ್ಯೂಷನ್ನು, ಚಿಕ್ಕವಳು ಗುಬ್ಬಿಗೆ ಮೂರನೇ ಕ್ಲಾಸಿನ ಹೋಂವರ್ಕು. ಒಬ್ಬರು ಬರುವಾಗ ಒಬ್ಬರು ಹೊರಡುವ ಮನೆ ನಮ್ಮದು. ಬಾಗಿಲಲ್ಲಿ ಕೀಲಿಕೈ ಕೊಟ್ಟು ತೆಗೆದುಕೊಳ್ಳುವಾಗ ಮುಖ ಮುಖ ನೋಡಿಕೊಂಡರೆ ಅವತ್ತಿನ ಸಂಸಾರ ಮುಗಿಯಿತು.

ಹೀಗಿರುವಾಗ ಒಂದು ಬೆಳಗ್ಗೆ ಹಲ್ಲುಜ್ಜುತ್ತಾ ಇವರು, "ನಾಳೆ ನಾನಿಲ್ಲ ಅಂದ್ರೆ ಆ ಕಿಟಕಿ ಹಿಂದೆ ಇನ್ನೊಂದು ತಲೆ ಇಟ್ರೆ ಆಯ್ತು ಕಣೇ" ಎಂದರು. ನಿಮ್ಮ ತಲೆಯ ವಿಚಾರ ಆಮೇಲೆ, ಮೊದಲು ಗುಬ್ಬಿಯ ತಲೆ ಬಾಚಿ, ಸ್ಕೂಲ್ ವ್ಯಾನ್ ಬಂತು ಎಂದು ನಾನು ಬಾಚಣಿಗೆ ಕೈಗಿಟ್ಟೆ. ಇಂಥ ಮಾತಿಗೆ ಕೂತು ಉತ್ತರ ಕೊಡಲು ಯಾರಿಗೆ ಪುರುಸೊತ್ತಿತ್ತು?

ಉತ್ತರ ಕೊಟ್ಟದ್ದು ಮೇಲಿನ ಮನೆಯ ಮರೆವಿನ ತಾತ. ಒಂದು ಮಧ್ಯಾಹ್ನ ಆ ತಾತ ಕಾಣೆಯಾದರು. ಬಸ್ ನಿಲ್ದಾಣ, ಮಾರ್ಕೆಟ್ಟು, ಆಸ್ಪತ್ರೆ ಎಂದು ಎಲ್ಲರೂ ದಿಕ್ಕಿಗೊಬ್ಬರು ಓಡಿದರು. ಇವರು ಓಡಲಿಲ್ಲ. ಸ್ಟೋರಿನಲ್ಲಿ ಕಾಣೆಯಾದ ಸಾಮಾನು ಪಕ್ಕದ ಕಪಾಟಿನಲ್ಲೇ ಸಿಗುವುದು ಎಂದುಕೊಂಡು ನಮ್ಮ ಕಟ್ಟಡವನ್ನೇ ಜಾಲಾಡಿದರು. ತಾತ ಮೆಟ್ಟಿಲ ಕೆಳಗಿನ ಮೀಟರ್ ಕೋಣೆಯಲ್ಲಿ ಮುದುಡಿ ಕೂತಿದ್ದರು. ತಾತನ ಮಗಳು ಇವರ ಎರಡೂ ಕೈ ಹಿಡಿದುಕೊಂಡು ಅತ್ತಳು. ಅಂದು ಇವರ ಮುಖದಲ್ಲಿದ್ದ ಕಳೆಯನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆಕಿಚ್ಚಾಯಿತು.

ಸುದ್ದಿ ಹಬ್ಬಿತು. ಡಿಪೋದ ಕೆಲವರು ಸೇರಿ ತಂಡ ಕಟ್ಟಿದರು. ಕಿತ್ತಳೆ ಬಣ್ಣದ ಜಾಕೆಟ್ಟು, ಸೀಟಿ, ಟಾರ್ಚು ಬಂದವು. ಯಾರದೋ ಮಗು, ಯಾರದೋ ಅಜ್ಜಿ ಕಾಣಿಸುತ್ತಿಲ್ಲ ಎಂದರೆ ಪೊಲೀಸರೇ ಇವರಿಗೆ ಫೋನ್ ಮಾಡುವಷ್ಟಾಯಿತು. ಡಿಪೋದಲ್ಲಿ ಹೆಸರಿಲ್ಲದೆ ಸವೆದ ಮನುಷ್ಯ ಈಗ ಎಲ್ಲರ ಬಾಯಲ್ಲೂ 'ಸ್ಟೋರ್ ಸಾರ್'. ಹೊಸಬರಿಗೆ ಇವರು ಮೊದಲ ದಿನವೇ ಒಂದು ಮಾತು ಹೇಳಿಕೊಡುತ್ತಿದ್ದರು: "ಮೊದಲು ಮನೆ ನೋಡಿ. ಮನೆಯವರು ನೋಡಿದೀವಿ ಅಂತಾರೆ, ನಂಬಬೇಡಿ. ಅವರು ನೋಡಿರಲ್ಲ, ಸುಮ್ಮನೆ ಕಣ್ಣು ಹಾಯಿಸಿರ್ತಾರೆ."

ಆ ಮಾತಿನಿಂದ ಎಷ್ಟೋ ಮಕ್ಕಳು ಬೀರುವಿನಿಂದ, ಅಟ್ಟದಿಂದ, ಪರದೆಯ ಹಿಂದಿನಿಂದ ನಿದ್ದೆಗಣ್ಣಲ್ಲಿ ಹೊರಬಂದವು. ನನಗೂ ಹೆಮ್ಮೆಯಿತ್ತು. ಆದರೆ ನಮ್ಮ ಮನೆಯಲ್ಲಿ ಕೆಟ್ಟ ಬಲ್ಬು ಹಾಗೇ ಉಳಿಯಿತು. ಮಲಗುವ ಕೋಣೆಯ ಪೆಟ್ಟಿಗೆ ಮಂಚದ ಮೇಲಿನ ಹಲಗೆ ಹಾಸಿಗೆ ಸಮೇತ ಎತ್ತುವಂಥದ್ದು. ಅದನ್ನು ಆನಿಸಿ ಹಿಡಿಯುವ ಎರಡು ಸ್ಪ್ರಿಂಗ್‌ಗಳಲ್ಲಿ ಒಂದು ಮುರಿದು, ಹಲಗೆ ದಢಾರನೆ ಬೀಳುತ್ತಿತ್ತು. ಒಳಗಿನ ಕಂಬಳಿ ತೆಗೆಯುವಾಗ ನನ್ನ ಬೆರಳೇ ಜಜ್ಜಿತ್ತು. ಡಿಪೋದಲ್ಲಿ ಅಂಥ ಸ್ಪ್ರಿಂಗು ರಾಶಿ ಬಿದ್ದಿದೆ, ತರುತ್ತೇನೆ ಎಂದರು. ತರಲಿಲ್ಲ.

ಗುಬ್ಬಿ ಮೊದಮೊದಲು ಕಥೆ ಕೇಳುವಂತೆ ಕೇಳುತ್ತಿದ್ದಳು. ಇವತ್ತಿನ ಹುಡುಗಿ ಎಲ್ಲಿ ಸಿಕ್ಕಿದಳು? ಎಷ್ಟು ಚಿಕ್ಕ ಜಾಗ? ಅವಳ ಅಪ್ಪ ಅತ್ತರಾ? ಇವರು ಊಟ ಮಾಡುತ್ತಾ ಸಂಭ್ರಮದಿಂದ ಹೇಳುತ್ತಿದ್ದರು. ನನಗೋ ಆ ಪ್ರಶ್ನೆಗಳು ಯಾಕೋ ಸರಿಬರುತ್ತಿರಲಿಲ್ಲ. ಒಂದು ದಿನ ಸಿಂಕಿನ ಕೆಳಗಿನ ಕಪಾಟು ತೆಗೆದರೆ ಒಳಗೆ ಗುಬ್ಬಿ, ಮೊಣಕಾಲಿಗೆ ಗಲ್ಲ ಆನಿಸಿ ಕೂತಿದ್ದಾಳೆ. ಏನೇ ಮಾಡ್ತಿದ್ದೀಯಾ ಎಂದು ಗದರಿದೆ.

"ಏನಿಲ್ಲಮ್ಮ. ಹಿಡಿಸ್ತೀನಾ ಅಂತ ನೋಡ್ತಿದ್ದೆ" ಎಂದಳು.

ಆಮೇಲೆ ಒಂದು ದಿನ ಒಬ್ಬ ಹುಡುಗ ಕಾಣೆಯಾದ. ಕಟ್ಟುತ್ತಿದ್ದ ಮನೆಯೊಂದರ ನೀರಿನ ತೊಟ್ಟಿಯಲ್ಲಿ ಅವನು ಸಿಕ್ಕಿದ. ಜೀವ ಇರಲಿಲ್ಲ. ಇವರು ಬಂದು ಒದ್ದೆ ಬಟ್ಟೆಯಲ್ಲೇ ಅಡುಗೆಮನೆಯ ನೆಲದ ಮೇಲೆ ಕೂತರು. ಬಡಿಸಿದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ನಾನು ಮಕ್ಕಳಿಗೆ ಆಚೆ ಹೋಗಿ ಎಂದು ಕಣ್ಸನ್ನೆ ಮಾಡಿದೆ. ದೊಡ್ಡವನು ಹೋದ, ಗುಬ್ಬಿ ಹೋಗಲಿಲ್ಲ. ಅಪ್ಪನ ಪಕ್ಕದಲ್ಲಿ ಬಂದು ನಿಂತಳು.

"ಆ ಹುಡುಗನ್ನ ನೀನೇ ಎತ್ಕೊಂಡು ಬಂದ್ಯಾ ಅಪ್ಪ?"

"ಹೂಂ ಪುಟ್ಟಿ."

"ಎಲ್ಲಿವರೆಗೂ?"

"ರಸ್ತೆವರೆಗೂ" ಎಂದರು ಇವರು.

ಗುಬ್ಬಿ ತಲೆಯಾಡಿಸಿದಳು. ಅವಳ ಮುಖದಲ್ಲಿ ಭಯ ಇರಲಿಲ್ಲ. ಅಂಗಡಿಯ ಗಾಜಿನಾಚೆಯ ಗೊಂಬೆ ನೋಡುವಾಗ ಮಕ್ಕಳ ಮುಖದಲ್ಲಿ ಏನಿರುತ್ತದೋ ಅದಿತ್ತು. ಇವರು ಅವಳನ್ನು ಎತ್ತಿಕೊಂಡು ಎಷ್ಟು ಕಾಲವಾಯಿತೆಂದು ಯೋಚಿಸಿದೆ, ನೆನಪಾಗಲಿಲ್ಲ.

ಮಾರನೆಯ ದಿನವೇ ಇವರಿಗೆ ಹೇಳಿದೆ. ನೀವು ಊರ ಮಕ್ಕಳನ್ನು ಹುಡುಕುತ್ತಿದ್ದೀರಿ, ನಮ್ಮದು ಬಚ್ಚಿಟ್ಟುಕೊಳ್ಳುವ ಜಾಗ ಹುಡುಕುತ್ತಿದೆ ಎಂದೆ. ಇವರು ಗಾಬರಿಯಾದರು, ಪಾಪ, ನಿಜವಾಗಿಯೂ ಆದರು. ಬರುವ ಭಾನುವಾರ ಪೂರ್ತಿ ಅವಳದ್ದು, ಫೋನು ಮುಟ್ಟುವುದೇ ಇಲ್ಲ ಎಂದು ಮಾತು ಕೊಟ್ಟರು. ಗುಬ್ಬಿ ವಾರವೆಲ್ಲ ಕುಣಿದಾಡಿದಳು.

ಆ ಭಾನುವಾರ ದೊಡ್ಡವನು ಗೆಳೆಯನ ಮನೆಗೆ ಹೋಗಿದ್ದ, ನನಗೆ ಪಾಳಿಯಿತ್ತು. ಹೊರಟಾಗ ಗುಬ್ಬಿ ಬಾಗಿಲವರೆಗೂ ಬಂದು, ಇವತ್ತು ಅಪ್ಪ ನನ್ನ ಹುಡುಕುತ್ತಾರೆ ಎಂದು ಕಿವಿಯಲ್ಲಿ ಹೇಳಿ ನಕ್ಕಳು. ಕಣ್ಣಾಮುಚ್ಚಾಲೆ ಆಡುತ್ತಾರೇನೋ ಎಂದುಕೊಂಡೆ. ಆದರೂ ಅಂದು ಮಡಿಸಿದ ಒಂದು ಹೊದಿಕೆಯೂ ನೆಟ್ಟಗೆ ಕೂರಲಿಲ್ಲ.

ಸಂಜೆ ನಮ್ಮ ಸ್ಟಾಪಿನಲ್ಲಿ ಇಳಿಯುವಾಗ ಸೀಟಿಯ ಸದ್ದು ಕೇಳಿಸಿತು. ಪಾಪ, ಇವತ್ತು ಯಾರ ಮನೆಯೋ ಎಂದುಕೊಳ್ಳುತ್ತಾ ಬೀದಿ ತಿರುಗಿದೆ. ಕಿತ್ತಳೆ ಜಾಕೆಟ್ಟಿನವರೆಲ್ಲ ನಮ್ಮ ಗೇಟಿನ ಮುಂದೆ ನಿಂತಿದ್ದರು. ನನ್ನನ್ನು ಕಂಡೊಡನೆ ಮಾತು ನಿಲ್ಲಿಸಿದರು.

ಇವರ ಮುಖ ಸುಣ್ಣ ಬಳಿದಂತಿತ್ತು. ಮಧ್ಯಾಹ್ನ ಯಾವುದೋ ಮಗು ಕಾಣೆಯಾಗಿದೆ ಎಂದು ತಂಡದವರ ಫೋನು ಬಂತಂತೆ. ಹೋಗಲಿಲ್ಲ, ಮನೆಯಲ್ಲೇ ಕೂತು ಫೋನಿನಲ್ಲಿ ದಾರಿ ಹೇಳಿದೆ, ಅಷ್ಟೇ ಎಂದರು. ಆ ಮಗು ಚಿಕ್ಕಮ್ಮನ ಮನೆಯಲ್ಲಿ ಸಿಕ್ಕಿತಂತೆ. ಖುಷಿಯಿಂದ ಗುಬ್ಬಿಯನ್ನು ಕೂಗಿದರೆ ಗುಬ್ಬಿ ಇಲ್ಲ. ಆಟದ ಮೈದಾನ, ಅಂಗಡಿ ಸಾಲು, ಕಾಲುವೆ ದಂಡೆ, ಎಲ್ಲಾ ಕಡೆ ಜನ ಓಡಿದ್ದರು. ಕಾಲುವೆ ಎಂದಾಗ ಇವರ ದನಿ ಒಡೆಯಿತು.

ತಂಡದಲ್ಲಿ ಒಬ್ಬಳು ಕಂಡಕ್ಟರ್ ಇದ್ದಳು, ಇವರ ಕೈಕೆಳಗೆ ಕಲಿತವಳು. ಅವಳು ಮೆಲ್ಲಗೆ ಕೇಳಿದಳು.

"ಸಾರ್, ಮನೆ ನೋಡಿದ್ರಾ?"

"ನೋಡಿದೆ" ಎಂದರು ಇವರು.

ಅವಳು ಇವರನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ನನ್ನ ಕೈ ಹಿಡಿದು ಮೆಟ್ಟಿಲು ಹತ್ತಿಸಿದಳು.

ಮಲಗುವ ಕೋಣೆಯ ಬಾಗಿಲ ಹಿಂದೆ ಕಂಬಳಿಗಳ ರಾಶಿಯಿತ್ತು. ಇವು ಯಾವಾಗಲೂ ಇಲ್ಲೇ ಇರುತ್ತವಾ ಅಕ್ಕ ಎಂದು ಅವಳು ಕೇಳಿದಳು. ನಾನು ಮಡಿಸಿಟ್ಟ ಕಂಬಳಿಯ ಅಂಚು ಕತ್ತರಿಸಿದಂತಿರುತ್ತದೆ. ಇವನ್ನು ಯಾವುದೋ ಪುಟ್ಟ ಕೈ ಎಳೆದು ತಂದು, ಮಡಿಸಿದಂತೆ ಮಾಡಿ ಪೇರಿಸಿತ್ತು. ಇವು ಇರಬೇಕಾದದ್ದು ಮಂಚದ ಪೆಟ್ಟಿಗೆಯಲ್ಲಿ. ಅವುಗಳ ಜಾಗ ಯಾರಿಗೋ ಬೇಕಾಗಿದೆ ಎಂದು ಹೊಳೆದದ್ದೇ ನಾನು ಕಿರುಚಿಕೊಂಡೆ.

ಇಬ್ಬರೂ ಸೇರಿ ಹಲಗೆ ಎತ್ತಿದೆವು. ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಗುಬ್ಬಿ ಒಂದು ಮಗ್ಗುಲಾಗಿ ಮುದುಡಿದ್ದಳು, ಮೈಯೆಲ್ಲ ಬೆವರಿನಲ್ಲಿ ತೊಯ್ದಿತ್ತು, ತುಟಿ ಬಣ್ಣಗೆಟ್ಟಿತ್ತು. ಉಸಿರಾಡುತ್ತಿದ್ದಳು, ಆದರೆ ಕರೆದರೆ ಓಗೊಡಲಿಲ್ಲ.

ನನ್ನ ಕೂಗಿಗೆ ಇವರು ಓಡಿ ಬಂದರು. ಯಾರನ್ನೂ ಮುಟ್ಟಲು ಬಿಡದೆ ಅವಳನ್ನು ಬಾಚಿ ಎತ್ತಿಕೊಂಡು ಮೆಟ್ಟಿಲಿಳಿದರು. ಗಾಳಿ ತಾಗಿದ್ದಕ್ಕೋ ಏನೋ, ಗೇಟಿನ ಹತ್ತಿರ ಅವಳ ತುಟಿ ಅಲುಗಿತು. ಕಣ್ಣು ಇನ್ನೂ ಮುಚ್ಚಿಯೇ ಇತ್ತು.

"ರಸ್ತೆ ಬಂತಾ ಅಪ್ಪ?"

ಇವರು ನಡುಬೀದಿಯಲ್ಲಿ ನಿಂತುಬಿಟ್ಟರು. ಇಷ್ಟು ವರ್ಷದಲ್ಲಿ ಇವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಇನ್ನೂ ಇಲ್ಲ ಪುಟ್ಟಿ, ಇನ್ನೂ ಬಂದಿಲ್ಲ ಎನ್ನುತ್ತಾ ಆಟೋ ಹತ್ತಿದರು. ಆಸ್ಪತ್ರೆಯಲ್ಲಿ ನರ್ಸು ಬೈದು ಕಿತ್ತುಕೊಳ್ಳುವವರೆಗೂ ಅವಳನ್ನು ಕೆಳಗಿಳಿಸಲಿಲ್ಲ.

ಮಾರನೆಯ ದಿನ ಗುಬ್ಬಿ ಆಸ್ಪತ್ರೆಯ ಹಾಸಿಗೆಯಲ್ಲಿ ಕೂತು ಎಲ್ಲವನ್ನೂ ಹೇಳಿದಳು. ನಾನು ಬಚ್ಚಿಟ್ಟುಕೊಳ್ಳುತ್ತೇನೆ, ಹುಡುಕು ಎಂದಿದ್ದಳಂತೆ. ಕಿವಿಗೆ ಫೋನು ಹಿಡಿದಿದ್ದ ಅಪ್ಪ ಹೂಂ ಎಂದರಂತೆ. ಉಸಿರಾಟಕ್ಕೆ ಜಾಗವಿರಲಿ ಎಂದು ಹಲಗೆಯ ಸಂದಿಗೆ ತನ್ನ ಚಪ್ಪಲಿ ಸಿಕ್ಕಿಸಿದ್ದಳಂತೆ, ಅದೂ ಅಪ್ಪ ಹೇಳಿದ ಕಥೆಗಳಿಂದ ಕಲಿತದ್ದೇ. ಆಮೇಲೆ ಧೊಪ್ಪೆಂದು ಮೇಲೆ ಭಾರ ಬಿತ್ತು, ಚಪ್ಪಲಿ ಒಳಗೆ ಜಾರಿತು, ಕತ್ತಲಾಯಿತು.

"ನೀನೇ ಅಪ್ಪ, ಮೇಲೆ ಕೂತಿದ್ದೆ. ಫೋನಲ್ಲಿ ಹೇಳ್ತಿದ್ದೆ, ಮಂಚದ ಪೆಟ್ಟಿಗೆ ಎತ್ತಿ ನೋಡಿ, ಮಕ್ಕಳು ಅಲ್ಲೇ ಇರ್ತಾರೆ ಅಂತ. ನನಗೆ ನಗು ತಡೆಯಕ್ಕೇ ಆಗಲಿಲ್ಲ. ಈಗ ಎತ್ತುತ್ತಾನೆ, ಈಗ ಎತ್ತುತ್ತಾನೆ ಅಂತ ಬಾಯಿ ಮುಚ್ಕೊಂಡಿದ್ದೆ. ಆಮೇಲೆ ನೀನು ಎದ್ದು ಹೋದೆ."

ಅವಳು ದೂರುತ್ತಿರಲಿಲ್ಲ. ಆಟದಲ್ಲಿ ತಾನು ಗೆದ್ದದ್ದನ್ನು ಹೇಳುತ್ತಿದ್ದಳು. ಇವರು ಕಿಟಕಿಯ ಸರಳು ಹಿಡಿದು ನಿಂತಿದ್ದರು. ನನಗೆ ಅವರನ್ನು ಹೊಡೆಯಬೇಕೆನಿಸಿತು. ತಬ್ಬಿಕೊಳ್ಳಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಗುಬ್ಬಿಯ ಹೊದಿಕೆ ಸರಿಮಾಡಿದೆ.

ಮಂಚವನ್ನು ಹೊರಗೆ ಹಾಕಿದೆವು. ಈಗ ಎಲ್ಲರೂ ನೆಲದ ಮೇಲೆ ಸಾಲಾಗಿ ಮಲಗುತ್ತೇವೆ. ಇವರು ಜಾಕೆಟ್ಟನ್ನು ಕಂಡಕ್ಟರಿಗೆ ಕೊಟ್ಟುಬಿಟ್ಟರು. ಫೋನು ಹೊಡೆದುಕೊಂಡರೂ ಎತ್ತುತ್ತಿರಲಿಲ್ಲ. ಡಿಪೋದಿಂದ ಬಂದು ಗುಬ್ಬಿಯ ಎದುರು ಕೂರುತ್ತಿದ್ದರು. ಅದೂ ನನಗೆ ನೋಡಲಾಗುತ್ತಿರಲಿಲ್ಲ, ಮತ್ತೆ ಅದೇ ಜಾಲರಿ ಕಿಟಕಿಯ ಮುಖ.

ಒಂದು ಸಂಜೆ ಫೋನು ಬಡಿದುಕೊಳ್ಳುತ್ತಲೇ ಇತ್ತು. ನಿಂತಿತು, ಮತ್ತೆ ಶುರುವಾಯಿತು. ಇವರು ಗೋಡೆ ನೋಡುತ್ತಿದ್ದರು. ಅದನ್ನು ಒಲೆಗೆ ಹಾಕಿಬಿಡಬೇಕೆಂದು ನಾನೇ ಎದ್ದೆ. ಅಷ್ಟರಲ್ಲಿ ಗುಬ್ಬಿ ಅದನ್ನು ತಂದು ಅಪ್ಪನ ತೊಡೆಯ ಮೇಲಿಟ್ಟಳು.

"ಎತ್ತು ಅಪ್ಪ. ಯಾರೋ ಒಳಗಿರ್ತಾರೆ."

ಇವರು ನನ್ನ ಮುಖ ನೋಡಿದರು. ಎತ್ತಿ ಎಂದು ನಾನು ಕೈಸನ್ನೆ ಮಾಡಿದೆ. ಒಂದು ಕೈಯಲ್ಲಿ ಗುಬ್ಬಿಯನ್ನು ಹತ್ತಿರಕ್ಕೆಳೆದುಕೊಂಡು ಇನ್ನೊಂದು ಕೈಯಲ್ಲಿ ಫೋನೆತ್ತಿದರು. ಆ ಕಡೆ ಯಾರೋ ಒಬ್ಬ ತಾಯಿ ಅಳುತ್ತಿದ್ದಳು. ಮನೆ ನೋಡಿದಿರಾ ಎಂದು ಕೇಳಿದರು. ಅವಳು ಏನು ಹೇಳಿದಳೆಂದು ನನಗೆ ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ.

"ನಾನೂ ಹಾಗೇ ಅಂದಿದ್ದೆ ತಾಯಿ" ಎಂದರು ಇವರು. "ಎಲ್ಲಿ ಕೂತಿದ್ದೀರಿ ಈಗ? ಮೊದಲು ಅಲ್ಲಿಂದ ಏಳಿ."