ಬಾನೆಟ್ ತಣ್ಣಗಾಗುವವರೆಗೆ

ಮುದುಕನಿಗೆ ಅರಳುಮರಳು, ಹನ್ನೊಂದು ವರ್ಷದ ಹಿಂದಿನದು ಇವನಿಗೇನು ನೆನಪಿರುತ್ತದೆ ಎಂದು ನಮ್ಮ ಪಿಕಪ್ ಸ್ಟ್ಯಾಂಡಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಮಹಾಶಯ ಯಾರೆಂದು ನನಗೆ ಗೊತ್ತು. ಗಾಡಿ ಕೀ ಎಲ್ಲಿಟ್ಟೆ ಎಂದು ದಿನಾ ಬೆಳಿಗ್ಗೆ ಹೆಂಡತಿಯನ್ನು ಕೇಳುವವನು ನೀನು. ನಲವತ್ತು ವರ್ಷ ಡೀಸೆಲ್ ಇಂಜಿನ್ ಬಿಚ್ಚಿ ಕೂಡಿಸಿದವನು ನಾನು. ಯಾವ ಬೋಲ್ಟು ಯಾವ ತೂತಿನದು ಎಂದು ಇವತ್ತಿಗೂ ಕಣ್ಣು ಮುಚ್ಚಿ ಹೇಳುತ್ತೇನೆ. ಟೈಪು ಮಾಡಲು ಬರುವುದಿಲ್ಲ, ಈ ಮೈಕಿನ ಗುಂಡಿ ಒತ್ತಲು ಬರುತ್ತದೆ. ಉದ್ದವಾಯಿತು ಎಂದು ಮುಂದಕ್ಕೆ ಓಡಿಸಬೇಡಿ. ಬಾಯಿ ಮುಚ್ಚಿಕೊಂಡು ಕೇಳಿ.

ನನ್ನ ತಮ್ಮ ಎಲ್ಲರಿಗೂ ಗೊತ್ತು. ನೀವೇ ಅವನಿಗೆ ‘ಓವರ್‌ಲೋಡ್’ ಎಂದು ಹೆಸರಿಟ್ಟವರು. ಹನ್ನೊಂದು ವರ್ಷದ ಹಿಂದೆ ಪಾಲಿಷ್ ಹತ್ತಿರ ಹಳೆಯ ಹಸಿರು ಪಿಕಪ್ ಒಂದನ್ನು ಕೊಂಡ. ಪಾಲಿಷ್ ಅಂದರೆ ಹಳೆ ಗಾಡಿ ಮಾರುತ್ತಾನಲ್ಲ, ಟೈರಿಗೂ ಮಿಂಚು ಹಚ್ಚಿ ನಿಲ್ಲಿಸುವವನು, ಅವನೇ. ಮೂರನೇ ತಿಂಗಳು ತಮ್ಮ ಟೈಲ್ಸ್ ತುಂಬಿಕೊಂಡು ಇಳಿಜಾರು ಇಳಿಯುತ್ತಿದ್ದಾಗ ಕ್ಯಾಬಿನ್ನಿನ ಹಿಂದೆ ಚಾಸಿ, ಗಾಡಿಯ ಬೆನ್ನುಮೂಳೆ, ಎರಡು ತುಂಡಾಯಿತು. ಅವನ ಎಡ ಮೊಣಕಾಲು ಪುಡಿಯಾಯಿತು. ಮಾರನೇ ದಿನ ಪಾಲಿಷ್ ಸ್ಟ್ಯಾಂಡಿಗೆ ಬಂದು, ಕಾಲ ಮೇಲೆ ಕಾಲು ಹಾಕಿ ಟೀ ಕುಡಿಯುತ್ತಾ ಹೇಳಿದ:

“ನನ್ ಗಾಡಿ ಬಂಗಾರ ಕಣ್ರಪ್ಪಾ. ಆ ಆಸೆಬುರುಕ ಎರಡು ಗಾಡಿ ಮಾಲನ್ನ ಒಂದ್ರಲ್ಲೇ ತುಂಬಿದ್ರೆ ಯಾವ ಚಾಸಿ ತಾನೆ ತಡ್ಕೊಳ್ಳತ್ತೆ?”

ನೀವೆಲ್ಲ ತಲೆಯಾಡಿಸಿದಿರಿ. ಎರಡು ವರ್ಷದಲ್ಲಿ ಕಾಲು ಕ್ಲಚ್ ತುಳಿಯುವಷ್ಟು ಸರಿಹೋಯಿತು. ಆ ಹೆಸರು ಹೋಗಲಿಲ್ಲ. ಅವನು ತುಂಬಿದ್ದು ಅರ್ಧ ಲೋಡು. ಆದರೂ ನಿಮ್ಮಲ್ಲಿ ಒಬ್ಬರಾದರೂ ಅವನ ಕೈಗೆ ಗಾಡಿ ಕೊಟ್ಟಿರಾ? ಒಂದು ಟ್ರಿಪ್?

ಮುರಿದ ಗಾಡಿಯನ್ನು ಎಳೆದು ತಂದಾಗ ನಾನು ನೋಡಿದೆ. ಮುರಿದ ಜಾಗದಲ್ಲಿ ಕಬ್ಬಿಣವೇ ಇರಲಿಲ್ಲ. ತುಕ್ಕು ತಿಂದ ತೂತಿಗೆ ಗೋಣಿಚೀಲ ತುರುಕಿ, ಮೇಲೆ ಪುಟ್ಟಿ ಮೆತ್ತಿ, ಕರಿ ಬಣ್ಣ ಬಳಿದಿದ್ದರು. ಅಂಗೈಯಗಲದ ಒಂದು ಹೆಂಟೆ ಕಿತ್ತುಕೊಂಡೆ. ಅದರ ಅಂಚಿನಲ್ಲಿ ಬಾಡಿಯ ಹಸಿರು ಬಣ್ಣ ಅಂಟಿತ್ತು. ಬಿಸ್ಕತ್ತಿನ ಡಬ್ಬಿಗೆ ಹಾಕಿ ಬೀರುವಿನಲ್ಲಿಟ್ಟೆ. ಯಾರಿಗೂ ತೋರಿಸಲಿಲ್ಲ. ಯಾಕೆ ತೋರಿಸಲಿಲ್ಲ ಎಂದು ಹೇಳುತ್ತೇನೆ, ಆತುರ ಬೇಡ.

ಹೋದ ವಾರ ತಮ್ಮನ ಮಗಳು ಬಂದಳು. ನರ್ಸರಿ ಗಿಡಗಳನ್ನು ಬಾಡಿಗೆ ಗಾಡಿಯಲ್ಲಿ ಮನೆಮನೆಗೆ ಮುಟ್ಟಿಸುತ್ತಾಳೆ, ನಿಮಗಿಂತ ಚೆನ್ನಾಗಿ ರಿವರ್ಸ್ ಹೊಡೆಯುತ್ತಾಳೆ.

“ದೊಡ್ಡಪ್ಪಾ, ಒಂದು ಪಿಕಪ್ ನೋಡಿದೀನಿ. ಹನ್ನೆರಡು ವರ್ಷ ಹಳೇದು, ಆದ್ರೆ ಕನ್ನಡಿ ತರ ಇದೆ. ಬಂದು ಒಂದ್ಸಲ ನೋಡ್ತೀಯಾ?”

“ಯಾರ ಹತ್ರ?”

ಅವಳು ಹೇಳಿದಳು. ಹೊಸ ಬೋರ್ಡು, ಹೊಸ ಜಾಗ. ಮನುಷ್ಯ ಮಾತ್ರ ಅವನೇ. ಅಪ್ಪನಿಗೆ ಗಾಡಿ ಮಾರಿದವನು ಇವನೇ ಎಂದು ಆ ಹುಡುಗಿಗೆ ಗೊತ್ತಿಲ್ಲ, ಆಗ ಅವಳು ಸ್ಕೂಲಿನಲ್ಲಿದ್ದಳು. ನಾನೂ ಹೇಳಲಿಲ್ಲ. ಬೀರುವಿನಿಂದ ಡಬ್ಬಿ ತೆಗೆದೆ, ಸುತ್ತಿಗೆ, ಸ್ಕ್ರೂಡ್ರೈವರ್ ಜೊತೆ ಚೀಲಕ್ಕೆ ಹಾಕಿದೆ. ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕಿಕೊಂಡೆ. ಬೇಕೆಂದೇ ಹಾಕಿಕೊಂಡೆ.

ಬೆಳಿಗ್ಗೆ ಹತ್ತಕ್ಕೆ ಹೋದೆವು. ಪಾಲಿಷ್ ತಲೆಗೂ ಬಣ್ಣ ಹೊಡೆದಿದ್ದ. ನನ್ನ ಗುರುತು ಹತ್ತಲಿಲ್ಲ. ಆಗ ನನಗೆ ಹೊಟ್ಟೆಯೂ ಇತ್ತು, ಕೂದಲೂ ಇತ್ತು.

“ಬನ್ನಿ ಯಜಮಾನ್ರೇ. ಒಂದೇ ಸೆಲ್ಫ್ ಹೊಡೆತಕ್ಕೆ ಸ್ಟಾರ್ಟು, ಕೇಳಿ ನೋಡಿ.”

ಕೀ ತಿರುಗಿಸಲು ಬಿಡಲಿಲ್ಲ. ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ಇಸ್ತ್ರಿಪೆಟ್ಟಿಗೆಯ ಹಾಗಿತ್ತು.

“ಬೆಳಿಗ್ಗೇನೇ ವಾಕಿಂಗ್ ಹೋಗಿ ಬಂದಿದೆಯಲ್ಲ ಗಾಡಿ,” ಅಂದೆ.

“ಛೇ, ಇಲ್ಲ. ಬಿಸಿಲಿಗೆ ಕಾದಿರೋದು.”

“ಗಾಡಿ ನಿಂತಿರೋದು ಶೀಟ್ ಕೆಳಗೆ.”

ಅವನು ಮೇಲೆ ನೋಡಿದ, ಶೀಟು ಅಲ್ಲೇ ಇತ್ತು. “ಈಗೇನು ಮಾಡೋಣ ಅಂತೀರಾ?”

“ತಣ್ಣಗಾಗ್ಲಿ. ಕೂತಿರ್ತೀನಿ. ನನಗೇನ್ ಆಫೀಸಿದೆಯಾ?”

ಕುರ್ಚಿ ಎಳೆದು ಗಾಡಿಯ ಮೂತಿಯ ಮುಂದೆಯೇ ಕೂತೆ. ಶನಿವಾರ, ಗಿರಾಕಿಗಳು ಬರುವ ದಿನ. ಬಂದವರೆಲ್ಲ ಕೇಳುವವರೇ, ಯಾಕೆ ತಾತ ಇಲ್ಲಿ ಕೂತಿದೀರಿ ಎಂದು. ಕೇಳಿದವರಿಗೆಲ್ಲ ಹೇಳಿದೆ. ಬಿಸಿಯಾದ ಡೀಸೆಲ್ ಇಂಜಿನ್ ಸುಳ್ಳು ಹೇಳುತ್ತದೆ, ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಮಾತ್ರ ಅದರ ರೋಗ ಹೊರಗೆ ಬರುತ್ತದೆ. ಮೀಟರಿನಲ್ಲಿ ಅರವತ್ತು ಸಾವಿರ ತೋರಿಸಿ ಕ್ಲಚ್ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿದ್ದರೆ ರಬ್ಬರನ್ನು ನಂಬಿ. ಟೈರು ಒಂದೇ ಪಕ್ಕ ಸವೆದಿದ್ದರೆ ಗಾಡಿ ಎಲ್ಲೋ ಗುದ್ದಿಸಿಕೊಂಡು ಸೊಟ್ಟಗಾಗಿದೆ. ಕೂತಲ್ಲೇ ಹೇಳುತ್ತಿದ್ದೆ, ಅವರು ಹೋಗಿ ಬೇರೆ ಗಾಡಿಗಳ ಪೆಡಲ್ ಬಗ್ಗಿ ನೋಡುತ್ತಿದ್ದರು. ಪಾಲಿಷ್ ಟೀ ತರಿಸಿದ, ಕುಡಿದೆ. ಒಳಗೆ ಫ್ಯಾನ್ ಕೆಳಗೆ ಕೂತ್ಕೊಳ್ಳಿ ಅಂದ, ಗಾಳಿ ಆಗಲ್ಲ ಅಂದೆ. ಕೊನೆಗೆ ಅರ್ಧ ರೇಟಿಗೆ ಕೊಡ್ತೀನಿ, ತಗೊಂಡು ಹೊರಡಿ ಅಂದ.

“ತಣ್ಣಗಾಗ್ಲಿ,” ಅಂದೆ.

ಅಷ್ಟು ಹೊತ್ತಿಗೆ ನಮ್ಮ ಸ್ಟ್ಯಾಂಡಿನ ಡ್ರೈವರ್ ಮೀಸೆಯೂ ಗಾಡಿ ನೋಡಲು ಬಂದಿದ್ದ. ಅವನು ಈ ಗುಂಪಿನಲ್ಲೇ ಇದ್ದಾನೆ, ನಾನು ಹೇಳುವುದು ಸುಳ್ಳಾದರೆ ಈಗಲೇ ಬಾಯಿ ತೆಗೆಯಲಿ.

ಒಂದು ಗಂಟೆಗೆ ಬಾನೆಟ್ ತಣ್ಣಗಾಯಿತು. ಹುಡುಗಿ ಕೀ ತಿರುಗಿಸಿದಳು. ನಾಲ್ಕು ಸಲ ಕೆಮ್ಮಿ ಐದನೆಯದಕ್ಕೆ ಎದ್ದಿತು. ಬಿಳಿ ಹೊಗೆ ಬಂತು, ನಿಲ್ಲಲಿಲ್ಲ, ಆಮೇಲೆ ನೀಲಿಗೆ ತಿರುಗಿತು. ಆಯಿಲ್ ಕ್ಯಾಪ್ ಬಿಚ್ಚಿ ಬಾಯಿಯ ಮೇಲೆ ಸುಮ್ಮನೆ ಇಟ್ಟೆ, ಕುಣಿದು ಕೆಳಗೆ ಬಿತ್ತು, ಅಂದರೆ ಇಂಜಿನ್ ಒಳಗೇ ಸವೆದಿದೆ.

“ಬೇಡ ದೊಡ್ಡಪ್ಪಾ, ಹೋಗೋಣ,” ಅಂದಳು.

“ಇರಮ್ಮ. ನನ್ನ ಕೆಲಸ ಇನ್ನೂ ಇದೆ.”

ಪೇಪರ್ ಹಾಸದೆ, ಎಣ್ಣೆ ಸುರಿದ ನೆಲದ ಮೇಲೆ ಬಿಳಿ ಶರ್ಟಿನಲ್ಲೇ ಅಂಗಾತ ಮಲಗಿ ಗಾಡಿಯ ಕೆಳಗೆ ತೂರಿದೆ. ಸುತ್ತಿಗೆಯಲ್ಲಿ ಮುಂದಿನಿಂದ ಬಡಿಯುತ್ತಾ ಬಂದೆ. ಠಣ್, ಠಣ್, ಠಣ್. ಕ್ಯಾಬಿನ್ನಿನ ಹಿಂದೆ ಬಂದಾಗ ದೊಬ್. ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿಯವರೆಗೂ ಹೋಯಿತು. ತಿರುವಿ ಕಿತ್ತೆ. ಪುಟ್ಟಿ, ಒಳಗೆ ಗೋಣಿಯ ಎಳೆ. ಹನ್ನೊಂದು ವರ್ಷದಲ್ಲಿ ಗೋಣಿ ಬದಲಿಸುವಷ್ಟೂ ಮರ್ಯಾದೆ ಇಲ್ಲದವನು.

ಹೊರಗೆ ಬಂದು ಆ ಹೆಂಟೆಯನ್ನು ಬಾನೆಟ್ ಮೇಲಿಟ್ಟೆ. ಡಬ್ಬಿ ತೆಗೆದು ಹಳೆಯ ಹೆಂಟೆಯನ್ನು ಪಕ್ಕದಲ್ಲಿಟ್ಟೆ. ಒಂದು ಮಾತೂ ಆಡಲಿಲ್ಲ. ಎಂಟು ಹತ್ತು ಜನ ಸುತ್ತ ನಿಂತಿದ್ದರು.

ಪಾಲಿಷ್ ಹಳೆಯ ಹೆಂಟೆಯ ಹಸಿರು ಅಂಚನ್ನು ಬಗ್ಗಿ ನೋಡಿದ. “ಆ ಟೈಲ್ಸ್ ಗಾಡೀದನ್ನ ಈಗ ಯಾಕೆ ತಂದ್ರಿ? ಅದು ಯಾವ ಕಾಲದ್ದೋ. ಅದಕ್ಕೂ ಇದಕ್ಕೂ ಏನ್ ಸಂಬಂಧ?”

ಮೀಸೆ ಮುಂದೆ ಬಂದ. “ಯಾವ ಟೈಲ್ಸ್ ಗಾಡಿ? ಅಣ್ಣಾವ್ರು ಇನ್ನೂ ಬಾಯೇ ಬಿಟ್ಟಿಲ್ವಲ್ಲ.”

ನನ್ನ ನೆನಪಿನ ಮೇಲೆ ಅನುಮಾನ ಪಡುವವರೇ, ಅವನ ನೆನಪು ನೋಡಿದಿರಾ? ಹಸಿರು ಅಂಚು ಕಂಡದ್ದೇ ತಡ, ಗಾಡಿ ಯಾವುದು, ಲೋಡು ಯಾವುದು, ಎಲ್ಲ ಒಪ್ಪಿಸಿದ.

“ಸ್ಟ್ಯಾಂಡಿಗೆ ಬಾ,” ಅಂದೆ. “ಅವತ್ತು ಕೂತು ಟೀ ಕುಡಿದ್ಯಲ್ಲ, ಅದೇ ಬೆಂಚಿನ ಮೇಲೆ ನಿಂತು ಹೇಳು, ನನ್ನ ತಮ್ಮ ಓವರ್‌ಲೋಡ್ ಮಾಡಿರಲಿಲ್ಲ ಅಂತ. ನನಗೆ ಬೇರೇನೂ ಬೇಡ.”

ಆಗ ಅವನಿಗೆ ನಾನು ಯಾರೆಂದು ಗೊತ್ತಾಯಿತು. ಹಲ್ಲು ಕಿರಿದ. “ಓಹೋ, ದೊಡ್ಡ ಮೇಸ್ತ್ರಿಗಳು. ಅವತ್ತು ಗಾಡಿ ನೋಡಿ ಫಸ್ಟ್ ಕ್ಲಾಸ್ ಅಂತ ಒಪ್ಪಿದ್ದು ಯಾರು? ನೀವೇ ಅಲ್ವಾ?”

ಹನ್ನೊಂದು ವರ್ಷ ನನ್ನ ಬಾಯಿ ಕಟ್ಟಿದ್ದು ಅದೇ ಮಾತು. ಈಗ ಎಲ್ಲರೆದುರಿಗೆ ಹೇಳಿಬಿಟ್ಟೆ.

“ಹೌದು, ನಾನೇ. ಅವತ್ತು ಮದುವೆಗೆ ಹೊರಟಿದ್ದೆ, ಬಿಳಿ ಶರ್ಟ್ ಹಾಕಿದ್ದೆ. ಇಂಜಿನ್ ಸದ್ದು ಕೇಳಿದೆ, ಚೆನ್ನಾಗಿತ್ತು. ಶರ್ಟ್ ಕೊಳೆಯಾಗತ್ತೆ ಅಂತ ಕೆಳಗೆ ಮಲಗಿ ನೋಡ್ಲಿಲ್ಲ. ನನ್ನ ತಪ್ಪು ನಾನು ಹೇಳ್ದೆ. ಈಗ ನಿಂದು ಹೇಳು.”

ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಆದರೆ ಗಿರಾಕಿಯೊಬ್ಬ, “ತಾತ, ಆ ಸುತ್ತಿಗೆ ಸ್ವಲ್ಪ ಕೊಡಿ,” ಅಂದ. ಕೊಟ್ಟೆ. ಅವನಿಂದ ಇನ್ನೊಬ್ಬ ಇಸಕೊಂಡ, ಅವನಿಂದ ಮೀಸೆ. ಯಾರ್ಡಿನ ತುಂಬ ಜನ ಗಾಡಿಗಳ ಕೆಳಗೆ ಮಲಗಿದರು. ಠಣ್, ಠಣ್, ದೊಬ್. ಇನ್ನೊಂದು ಕಡೆ ದೊಬ್. ಬಾಗಿಲ ಹಿಂದೆ ಅವನು ಪ್ರತಿಯೊಂದು ದೊಬ್ಬನ್ನೂ ಎಣಿಸುತ್ತಿದ್ದಿರಬೇಕು. ನಾನಂತೂ ಕುರ್ಚಿಯಲ್ಲಿ ಕೂತು ಎಣಿಸಿದೆ. ಏಳು. ಮನೆಯಲ್ಲಿ ಮೊಮ್ಮಕ್ಕಳು ಆಡುವಾಗಲೂ ನನಗೆ ಅಷ್ಟು ಸುಖವಾಗಿರಲಿಲ್ಲ, ಬೇಜಾರು ಮಾಡಿಕೊಳ್ಳುವವರು ಮಾಡಿಕೊಳ್ಳಿ.

ತಮ್ಮನ ಮನೆಗೆ ಹೋದಾಗ ಮಗಳು ಎಲ್ಲ ಹೇಳಿದಳು. ಅವನು ಕಾಲು ಚಾಚಿಕೊಂಡು ಕೇಳಿದ. ಪಾಲಿಷ್ ವಿಷಯ ಎತ್ತಲೇ ಇಲ್ಲ. ನನ್ನ ಬೆನ್ನಿನ ಎಣ್ಣೆಯ ಕಲೆ ನೋಡಿದ.

“ಕೊನೆಗೂ ಕೆಳಗೆ ಮಲಗಿದ್ಯಾ ಅಣ್ಣ,” ಅಂದ.

ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಒಂದು ದಿನವೂ ಆಡಿ ತೋರಿಸಿರಲಿಲ್ಲ.

ಪಾಲಿಷ್ ಬೆಂಚು ಹತ್ತುವುದಿಲ್ಲ. ಅದಕ್ಕೇ ಇಷ್ಟುದ್ದ ಮಾತಾಡಿದೆ. ಇದನ್ನು ಗಾಡಿ ಓಡಿಸುವ ಎಲ್ಲ ಗುಂಪುಗಳಿಗೂ ಕಳಿಸಿ, ಹಳೆ ಪಿಕಪ್ ಕೊಳ್ಳಲು ಹೊರಟವರಿಗೆ ಮೊದಲು ಕಳಿಸಿ, ಪಾಲಿಷ್‌ನ ಅಳಿಯನಿಗೂ ಒಂದು ಹೋಗಲಿ. ತಮ್ಮನಿಗೆ ಹೆಸರಿಟ್ಟವರು ನಾಳೆ ಅವನ ಮನೆಗೆ ಹೋಗಿ ಒಂದು ಟ್ರಿಪ್ಪಿಗೆ ಕರೆಯಿರಿ. ಮತ್ತೆ, ಉದ್ದವಾಯಿತು ಎಂದು ಯಾರಾದರೂ ಕತ್ತರಿಸುವುದಿದ್ದರೆ ಬೇರೆ ಏನನ್ನಾದರೂ ಕತ್ತರಿಸಿ. ನನ್ನ ಶರ್ಟಿನ ಮಾತನ್ನು ಮಾತ್ರ ಬಿಡದೆ ಕಳಿಸಿ.